ಸೈಡಿಂಗ್ ಪೂರ್ತಿ ಹಸಿರು, ಡೆಕ್ ಮೇಲೆ ಕಪ್ಪು ಬೂಷ್ಟು: ಪ್ರೆಶರ್ ವಾಷರ್ ಬಾಡಿಗೆಗೆ ತರಲಾ?

ಕ್ಯಾರಿ_ಕಾಫಿ
ಎಲ್ಲರಿಗೂ ನಮಸ್ಕಾರ. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ವಿನೈಲ್ ಸೈಡಿಂಗ್ ಮನೆ, ಅಂದರೆ ಹೊರಗೋಡೆಗೆ ಪ್ಲಾಸ್ಟಿಕ್ ಪಟ್ಟಿ ಹೊದಿಸಿದ್ದು, ತೆಳು ಬೂದು ಬಣ್ಣ. ಉತ್ತರದ ಕಡೆ ಗೋಡೆ ಪೂರ್ತಿ ಹಸಿರಾಗಿದೆ, ಎಸಿ ಇರುವ ಮೂಲೆಯಲ್ಲಂತೂ ಕೈಯಿಟ್ಟರೆ ಲೋಳೆ. ಹಿಂದಿನ ಡೆಕ್ (ಹಲಗೆಯ ಜಗಲಿ) ಪೈನ್ ಮರದ್ದು, ಹಲಗೆ ಸಂದಿಗಳಲ್ಲೆಲ್ಲ ಕಪ್ಪು ಬೂಷ್ಟು, ಮಳೆ ಬಂದ ಮಾರನೇ ದಿನ ಕಾಲಿಟ್ಟರೆ ಜಾರುತ್ತದೆ. ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ಲೋಟ ಹಿಡಿದುಕೊಂಡು ಹೊರಗೆ ಹೋಗಿ ಕೂರುವ ಅಭ್ಯಾಸ, ನನಗೆ ಅದೇ ಭಯ. ಇದರ ಮೇಲೆ ಎಚ್‌ಒಎಯವರ (ಬಡಾವಣೆಯ ಮನೆಮಾಲೀಕರ ಸಂಘ) ಪತ್ರ ಬೇರೆ ಬಂದಿದೆ, ಸೈಡಿಂಗ್ ತೊಳೆಸಿ ಅಂತ. ಕೊಟೇಷನ್ ಕೇಳಿದರೆ ಒಬ್ಬೊಬ್ಬರದು ಒಂದೊಂದು ರೇಟು. ರಭಸವಾಗಿ ನೀರು ಚಿಮ್ಮಿಸುವ 3,000 ಪಿಎಸ್‌ಐ (ನೀರಿನ ಒತ್ತಡದ ಅಳತೆ) ಮೆಷಿನ್ ಒಂದು ದಿನಕ್ಕೆ ಬಾಡಿಗೆಗೆ ಸಿಗುತ್ತದೆ. ತಂದು ನಾನೇ ಹೊಡೆದುಬಿಡಲಾ? ಯಾರಾದರೂ ಮಾಡಿದ್ದೀರಾ? ಫೋಟೋ ಹಾಕಿದ್ದೇನೆ ನೋಡಿ.

ಗಡಗಡ_ಇಂಜಿನ್
ಗುರು, ಯೋಚನೆಯೇ ಬೇಡ, ತನ್ನಿ. ಅಟ್ಲಾಂಟಾದಲ್ಲಿ ನನ್ನದೇ ಗ್ಯಾಸ್ (ಪೆಟ್ರೋಲ್) ಮೆಷಿನ್ ಇದೆ. ಡ್ರೈವ್‌ವೇ, ಫುಟ್‌ಪಾತ್, ಫೆನ್ಸ್, ಎಲ್ಲದಕ್ಕೂ ಅದೇ. ಕಪ್ಪಗಿದ್ದ ಕಾಂಕ್ರೀಟ್ ಬೆಳ್ಳಗಾಗುತ್ತಾ ಬರುವುದನ್ನು ನೋಡುವ ಮಜವೇ ಬೇರೆ. ಅಕ್ಕಪಕ್ಕದವರೆಲ್ಲ ಬಂದು ನಮ್ಮದೂ ಮಾಡಿಕೊಡಿ ಅನ್ನುತ್ತಾರೆ. ಆ ರೇಟಿಗೆ ಬೇರೆಯವರನ್ನು ಕರೆಸುವುದು ಸುಮ್ನೆ ದಂಡ.

ಪೇಂಟ್_ಡಬ್ಬಿ
ಸ್ವಲ್ಪ ತಡೆಯಿರಿ. ನಾನು ಷಾರ್ಲೆಟ್‌ನಲ್ಲಿ ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡುವವನು. ಮಾರ್ಚ್‌ನಿಂದ ಜುಲೈವರೆಗೆ ದಿನಾ ಬೆಳಗಾದರೆ ಇದೇ ಪ್ರಶ್ನೆ. ಕಾಂಕ್ರೀಟ್ ವಿಷಯದಲ್ಲಿ ಗಡಗಡ ಅವರ ಮಾತು ಸರಿ. ಸೈಡಿಂಗ್‌ಗೂ ಮರದ ಡೆಕ್‌ಗೂ ಆ ಲೆಕ್ಕ ನಡೆಯುವುದಿಲ್ಲ.

ವಿನೈಲ್ ಸೈಡಿಂಗ್ ಅಂದರೆ ಗೋಡೆ ಅಲ್ಲ, ಗೋಡೆಗೆ ತೊಡಿಸಿದ ರೇನ್‌ಕೋಟ್. ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಕೂತಿರುತ್ತದೆ. ಮೇಲಿನಿಂದ ಬೀಳುವ ಮಳೆ ಜಾರಿ ಹೋಗಲಿ ಅಂತ ಮಾಡಿದ್ದು. ಪಟ್ಟಿಯ ಕೆಳ ಅಂಚನ್ನು ಹತ್ತಿರದಿಂದ ನೋಡಿ, ಅಲ್ಲಲ್ಲಿ ಸಣ್ಣ ತೂತು ಇರುತ್ತವೆ, ಒಳಗೆ ಸೇರಿದ ಅಷ್ಟಿಷ್ಟು ನೀರು ಅಲ್ಲಿಂದ ಇಳಿದುಹೋಗಲಿ ಅಂತ. ನೀವು ನೆಲದಲ್ಲಿ ನಿಂತು ಗನ್ ಮೇಲಕ್ಕೆತ್ತಿ 3,000 ಪಿಎಸ್‌ಐನಲ್ಲಿ ಹೊಡೆದರೆ ಏನಾಗುತ್ತದೆ? ನೀರು ಪಟ್ಟಿಯ ಅಡಿಯಿಂದ ನುಗ್ಗಿ ಹಿಂದಿರುವ ಪ್ಲೈವುಡ್‌ವರೆಗೆ ಹೋಗುತ್ತದೆ. ಹೊರಗಿನ ಬೂಷ್ಟು ತೊಳೆಯಲು ಹೋಗಿ ಒಳಗೆ ಬೂಷ್ಟಿಗೆ ನೀರು ಹಾಕಿದಂತೆ. ಕಿಟಕಿ ಸುತ್ತಲಿನ ಸಂದಿ, ಡ್ರೈಯರ್ ವೆಂಟ್, ಹೊರಗಿನ ಕರೆಂಟ್ ಪ್ಲಗ್, ಸೂರಿನ ಅಡಿ ಇರುವ ಸಾಫಿಟ್ ತೂತುಗಳು, ಇವೆಲ್ಲದಕ್ಕೂ ಇದೇ ಮಾತು.

ಇನ್ನೊಂದು ವಿಷಯ. ಒತ್ತಡದಿಂದ ಪಾಚಿ ಸಾಯುವುದಿಲ್ಲ, ಕಿತ್ತು ಬರುತ್ತದೆ ಅಷ್ಟೇ. ಉಳಿದ ಚೂರಿನಿಂದ ಮತ್ತೆ ಹಬ್ಬುತ್ತದೆ. ಕೊಲ್ಲುವುದು ಮದ್ದು. ತೊಳೆಯುವುದಕ್ಕೆ ಗಾರ್ಡನ್ ಹೋಸ್ ಸಾಕು.

ಕ್ಯಾರಿ_ಕಾಫಿ
ಮದ್ದು ಅಂದರೆ ಯಾವುದು ಸರ್? ಬ್ಲೀಚೇ?

ಪೇಂಟ್_ಡಬ್ಬಿ
ಸ್ವಲ್ಪವೇ ಇದ್ದರೆ ಬಿಳಿ ವಿನೆಗರ್ 30 ಭಾಗ, ನೀರು 70 ಭಾಗ, ಮೆತ್ತನೆ ಬ್ರಶ್. ಸೈಡಿಂಗ್ ತಯಾರಕರ ಸಂಘದವರೇ ಹೇಳುವ ಅಳತೆ ಇದು. ನಿಮ್ಮ ಫೋಟೋ ನೋಡಿದರೆ ಅದು ಸಾಲುವುದಿಲ್ಲ ಅನ್ನಿಸುತ್ತದೆ. ಜಾಸ್ತಿ ಇದ್ದಾಗ ಒಂದು ಲೀಟರ್ ಮಾಮೂಲಿ ಮನೆ ಬ್ಲೀಚ್‌ಗೆ ನಾಲ್ಕು ಲೀಟರ್ ನೀರು, ಜೊತೆಗೆ ಸ್ವಲ್ಪ ಬಟ್ಟೆ ಸೋಪು. ಸೋಪು ಯಾಕೆಂದರೆ ಬರೀ ಬ್ಲೀಚ್ ನೀರು ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಸೋಪಿದ್ದರೆ ಅಂಟಿಕೊಂಡು ಕೆಲಸ ಮಾಡುತ್ತದೆ. ಬಾಟಲಿ ಹಿಂದೆ ಓದಿ, ಅಮೋನಿಯಾ ಇರಬಾರದು.

ಪಂಪ್ ಸ್ಪ್ರೇಯರ್‌ಗೆ ಹಾಕಿ ಕೆಳಗಿನಿಂದ ಮೇಲಕ್ಕೆ ಹೊಡೆಯಿರಿ. ಮೇಲಿನಿಂದ ಶುರು ಮಾಡಿದರೆ ಮದ್ದು ಕೊಳೆಯ ಮೇಲೆ ಇಳಿದು ಗೆರೆ ಬೀಳುತ್ತದೆ. ಐದು ಹತ್ತು ನಿಮಿಷ ಬಿಡಿ, ಒಣಗಲು ಬಿಡಬೇಡಿ, ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಬಿಸಿಲು ಬಿದ್ದ ಗೋಡೆಗೆ ಹೊಡೆಯಬೇಡಿ. ಹಸಿರು ಕಣ್ಣೆದುರೇ ಕಂದು ಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ, ಉಜ್ಜುವ ಕೆಲಸವೂ ಅಷ್ಟಿರುವುದಿಲ್ಲ.

ಜರ್ಸಿ_ಅಕ್ಕ
ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಒಂದೇ ಪೋಸ್ಟ್‌ನಲ್ಲಿ ಬರೆದಿದ್ದೀರಲ್ಲ, ನನಗೆ ಎದೆ ಝಲ್ ಅಂತು. ಓದುವವರು ದಯವಿಟ್ಟು ನೋಡಿಕೊಳ್ಳಿ: ಎರಡನ್ನೂ ಬೆರೆಸಬೇಡಿ. ಬ್ಲೀಚ್‌ಗೆ ಯಾವುದೇ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಸೇರಿದರೂ ವಿಷವೇ. ಒಂದೇ ಸ್ಪ್ರೇಯರ್‌ನಲ್ಲಿ ಮೊದಲು ಒಂದು, ಆಮೇಲೆ ಇನ್ನೊಂದು ಅಂತ ತುಂಬಿಸುವವರೂ ಇದ್ದಾರೆ. ಕಣ್ಣಿಗೆ ಗಾಗಲ್ಸ್, ಕೈಗೆ ಗ್ಲೌಸ್, ಹಳೇ ಬಟ್ಟೆ. ಗಾಳಿ ಬೀಸುವ ದಿನ ಬೇಡವೇ ಬೇಡ.

ಪೇಂಟ್_ಡಬ್ಬಿ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇದೋ ಅದೋ, ಒಂದನ್ನು ಮಾತ್ರ ಆರಿಸಿಕೊಳ್ಳಿ.

ತೀರ್ಥಹಳ್ಳಿ_ಟು_ಟಕೋಮಾ
ಡೆಕ್ ವಿಷಯ ನಾನು ಹೇಳುತ್ತೇನೆ. ವಾಷಿಂಗ್ಟನ್ ರಾಜ್ಯದಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಆಕಾಶವೇ ಕಾಣುವುದಿಲ್ಲ, ಸುತ್ತ ಫರ್ ಮರಗಳು, ಡೆಕ್ ಮೇಲೆ ದಪ್ಪಗೆ ಹಾವಸೆ. ಊರಲ್ಲಿ ಆಗುಂಬೆ ಕಡೆ ನೋಡಿದ ಹಾವಸೆಯೇ ಇಲ್ಲೂ ಹುಡುಕಿಕೊಂಡು ಬಂತಾ ಅನ್ನಿಸುತ್ತದೆ.

ನಮ್ಮ ಪಕ್ಕದ ಮನೆಯವರದು ಸೀಡರ್ ಡೆಕ್. ಬಾಡಿಗೆ ಮೆಷಿನ್ ತಂದು ಹೊಡೆದರು. ಆವತ್ತು ನೋಡಲು ಹೊಸದರಂತೆ ಇತ್ತು. ಒಣಗಿದ ಮೇಲೆ ಗೊತ್ತಾಯಿತು. ಹಲಗೆಯ ಮೆತ್ತಗಿನ ಭಾಗವೆಲ್ಲ ಕೊಚ್ಚಿ ಹೋಗಿ ಗಟ್ಟಿ ಗೆರೆಗಳು ಮಾತ್ರ ಎದ್ದು ನಿಂತಿವೆ. ಗನ್ ಎಲ್ಲೆಲ್ಲಿ ಒಂದು ಕ್ಷಣ ನಿಂತಿತ್ತೋ ಅಲ್ಲಲ್ಲಿ ಬೆರಳಗಲದ ತಗ್ಗು. ಕೈ ಸವರಿದರೆ ನಾರು ನಾರು, ಮಕ್ಕಳು ಬರಿಗಾಲಲ್ಲಿ ಓಡಿದರೆ ಸಿಬಿರು. ಕೊನೆಗೆ ಡೆಕ್ ಪೂರ್ತಿ ಸ್ಯಾಂಡಿಂಗ್ ಮಾಡಬೇಕಾಯಿತು. ಮೇಲ್ಮೈ ಒರಟಾದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಮತ್ತೆ ಬೂಷ್ಟು. ಏನು ಸಾಧಿಸಿದ ಹಾಗಾಯಿತು?

ಪೈನ್, ಸೀಡರ್ ಎರಡೂ ಮೆತ್ತಗಿನ ಮರ. 500ರಿಂದ 600 ಪಿಎಸ್‌ಐ ಮೀರಬೇಡಿ. 3,000ದ ಮೆಷಿನ್ ಬೇಕಾಗಿಯೇ ಇಲ್ಲ, ಸಣ್ಣ ಎಲೆಕ್ಟ್ರಿಕ್ ಮೆಷಿನ್ನೂ ಹತ್ತಿರ ಹಿಡಿದರೆ ಜಾಸ್ತಿಯೇ. ಅಗಲದ ನಾಝಲ್ ಹಾಕಿ, ಒಂದಡಿ ದೂರದಿಂದ, ಹಲಗೆಯ ಉದ್ದಕ್ಕೆ, ನಿಲ್ಲಿಸದೆ ಎಳೆಯುತ್ತಾ ಹೋಗಬೇಕು. ಕೆಂಪು ನಾಝಲ್ ಇರುತ್ತದಲ್ಲ, ಸೊನ್ನೆ ಡಿಗ್ರಿಯದು, ಅದನ್ನು ಬಾಡಿಗೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಗಡಗಡ_ಇಂಜಿನ್
ಅದು ಹೊಡೆಯಲು ಬಾರದವರ ತಪ್ಪು, ಮೆಷಿನ್ ತಪ್ಪಲ್ಲ. ಬಿಳಿ ನಾಝಲ್ 40 ಡಿಗ್ರಿ, ಹಸಿರು 25, ಹಳದಿ 15. ಬಿಳಿ ಹಾಕಿ ದೂರ ನಿಂತು ಹೊಡೆದರೆ ಡೆಕ್‌ಗೆ ಏನೂ ಆಗುವುದಿಲ್ಲ. ನನ್ನ ಫೆನ್ಸ್ ಈಗಲೂ ಚೆನ್ನಾಗಿಯೇ ಇದೆ.

ತೀರ್ಥಹಳ್ಳಿ_ಟು_ಟಕೋಮಾ
ಫೆನ್ಸ್ ಮೇಲೆ ಯಾರೂ ಬರಿಗಾಲಲ್ಲಿ ನಡೆಯುವುದಿಲ್ಲ ಗುರು 😄

ಮದ್ದಿನ ವಿಷಯ ಬಿಟ್ಟುಹೋಯಿತು. ಮರಕ್ಕೆ ಕ್ಲೋರಿನ್ ಬ್ಲೀಚ್ ಅಷ್ಟು ಒಳ್ಳೆಯದಲ್ಲ, ಬಣ್ಣ ಎಳೆದುಬಿಡುತ್ತದೆ, ನಾರು ಹಾಳಾಗುತ್ತದೆ. ಆಕ್ಸಿಜನ್ ಬ್ಲೀಚ್ ಅಂತ ಪುಡಿ ಸಿಗುತ್ತದೆ, ಸೋಡಿಯಂ ಪರ್‌ಕಾರ್ಬನೇಟ್. ಬಿಸಿನೀರಲ್ಲಿ ಕಲಸಿದರೆ ನೊರೆ ಬರುತ್ತದೆ. ಒದ್ದೆ ಮಾಡಿದ ಡೆಕ್ ಮೇಲೆ ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು ಉದ್ದ ಹಿಡಿಯ ಬ್ರಶ್‌ನಿಂದ ಉಜ್ಜಿದರೆ ಕಪ್ಪು ಕಂದು ನೀರಾಗಿ ಹರಿಯುತ್ತದೆ. ಅದನ್ನು ನೋಡುವ ಮಜವೂ ಏನು ಕಮ್ಮಿ ಇಲ್ಲ. ಚೆನ್ನಾಗಿ ತೊಳೆದ ಮೇಲೆ ಮರ ಕಪ್ಪಗೆ ಕಂಡರೆ ಹೆದರಬೇಡಿ. ಆಕ್ಸಾಲಿಕ್ ಆಸಿಡ್ ಇರುವ ಡೆಕ್ ಬ್ರೈಟನರ್ ಹೊಡೆದರೆ ಮರದ ಬಣ್ಣ ವಾಪಸ್ ಬರುತ್ತದೆ. ಅದೂ ಆಸಿಡ್, ಹಾಗಾಗಿ ಸೈಡಿಂಗ್‌ಗೆ ಬ್ಲೀಚ್ ಹೊಡೆಯುವ ದಿನವೇ ಡೆಕ್‌ಗೆ ಇದನ್ನು ಹಚ್ಚಬೇಡಿ. ಸೈಡಿಂಗ್ ಒಂದು ವಾರ, ಡೆಕ್ ಇನ್ನೊಂದು ವಾರ.

ಜರ್ಸಿ_ಅಕ್ಕ
ಕ್ಯಾರಿಯವರೇ, ಡೆಕ್ ಯಾವ ವರ್ಷ ಕಟ್ಟಿದ್ದು? ಇದನ್ನು ಮೊದಲು ಕೇಳಬೇಕಿತ್ತು. 2003ರ ಕೊನೆಯವರೆಗೆ ಮನೆಗಳಿಗೆ ಮಾರುತ್ತಿದ್ದ ಪ್ರೆಶರ್ ಟ್ರೀಟೆಡ್ ಮರಕ್ಕೆ ಕೊಳೆಯದಿರಲಿ ಅಂತ ಸಿಸಿಎ ಅನ್ನುವ ರಾಸಾಯನಿಕ ಹಾಕುತ್ತಿದ್ದರು. ಅದರಲ್ಲಿ ಆರ್ಸೆನಿಕ್ ಇದೆ. ಅಂಥ ಡೆಕ್ ಆದರೆ ಪ್ರೆಶರ್ ವಾಷರ್ರೂ ಬೇಡ, ಸ್ಯಾಂಡಿಂಗೂ ಬೇಡ, ಬ್ಲೀಚೂ ಬೇಡ. ಸಾದಾ ಸೋಪಿನ ನೀರಲ್ಲಿ ತೊಳೆದು ಸೀಲರ್ ಹಚ್ಚುವುದೇ ದಾರಿ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆ 60ರ ದಶಕದ್ದು, ಅದಕ್ಕೇ ಇದನ್ನೆಲ್ಲ ಕಲಿಯಬೇಕಾಯಿತು. 1978ಕ್ಕಿಂತ ಮುಂಚಿನ ಮನೆಯ ಪೇಂಟ್‌ನಲ್ಲಿ ಸೀಸ ಇರಬಹುದು. ಅದರ ಮೇಲೆ ಪ್ರೆಶರ್ ಹೊಡೆದರೆ ಚಕ್ಕೆ ಎದ್ದು ಮಕ್ಕಳು ಆಡುವ ಮಣ್ಣಿಗೆ ಬೀಳುತ್ತದೆ. ನಮ್ಮಲ್ಲಿಗೆ ಬಂದ ಒಬ್ಬ ಕಂಟ್ರಾಕ್ಟರ್‌ಗೆ ಇದನ್ನು ಹೇಳಿದರೆ "ಮೇಡಂ, ಯಾರೂ ಕೇಳುವುದಿಲ್ಲ ಇದನ್ನೆಲ್ಲ" ಅಂದ. ಬಾಗಿಲಿಂದಲೇ ಕಳಿಸಿದೆ.

ಕ್ಯಾರಿ_ಕಾಫಿ
ಮನೆ 2011ರದ್ದು ಅಕ್ಕ, ಡೆಕ್ ಕೂಡ ಅದೇ ವರ್ಷದ್ದು. ಬಚಾವ್.

ಇನ್ನೊಂದು ಅನುಮಾನ. ಮುಂದಿನ ಗೋಡೆಯಲ್ಲಿ, ಹೂವಿನ ಪಾತಿಯ ಪಕ್ಕ, ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಗಳಿವೆ. ನಿನ್ನೆ ಬ್ರಶ್‌ನಿಂದ ಉಜ್ಜಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದರೆ ಡಾಂಬರಿನ ಹಾಗೆ ಕಲೆ ಉಳಿಯುತ್ತದೆ. ಇದೂ ಬೂಷ್ಟೇನಾ?

ಪೇಂಟ್_ಡಬ್ಬಿ
ಅಯ್ಯೋ, ಅದು ಆರ್ಟಿಲರಿ ಫಂಗಸ್. ಪಾತಿಗೆ ಹಾಸುವ ಮಲ್ಚ್‌ನಲ್ಲಿ (ಮರದ ಚಕ್ಕೆ, ತೊಗಟೆ ಚೂರು) ಬೆಳೆಯುವ ಅಣಬೆ ಜಾತಿ. ಬೀಜದ ಉಂಡೆಯನ್ನು ಬೆಳಕಿನ ಕಡೆಗೆ ಗುರಿಯಿಟ್ಟು ಹಾರಿಸುತ್ತದೆ. ಬಿಳಿ ಗೋಡೆ, ತಿಳಿ ಬಣ್ಣದ ಕಾರು ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ ನೋಡಿ, ಅದಕ್ಕೇ ಅವುಗಳಿಗೇ ಹೊಡೆತ ಜಾಸ್ತಿ. ಒಮ್ಮೆ ಒಣಗಿ ಕೂತರೆ ಬ್ಲೀಚೂ ಇಲ್ಲ, ಪ್ರೆಶರೂ ಇಲ್ಲ, ಯಾವುದಕ್ಕೂ ಜಗ್ಗುವುದಿಲ್ಲ. ಒಂದೊಂದನ್ನೇ ಕೆರೆದರೂ ಕಲೆ ಉಳಿಯುತ್ತದೆ. ಅದಕ್ಕೆ ದುಡ್ಡು ಸುರಿಯಬೇಡಿ, ಗೋಡೆ ಪಕ್ಕದ ಮರದ ಮಲ್ಚ್ ತೆಗೆದು ಜಲ್ಲಿಕಲ್ಲು ಹಾಕಿ. ಹೊಸ ಚುಕ್ಕೆ ಬರುವುದು ನಿಲ್ಲುತ್ತದೆ.

ಹಾಗೇ ಇನ್ನೊಂದು ಪರೀಕ್ಷೆ ಮಾಡಿ. ಬಿಸಿಲು ಬೀಳುವ ಗೋಡೆಯ ಮೇಲೆ ಒಣ ಬೆರಳು ಎಳೆಯಿರಿ. ಬೆರಳಿಗೆ ಸೀಮೆಸುಣ್ಣದಂಥ ಪುಡಿ ಹತ್ತಿದರೆ ವಿನೈಲ್ ಮೇಲ್ಪದರ ಬಿಸಿಲಿಗೆ ಸವೆದಿದೆ ಅಂತ ಅರ್ಥ. ಅಂಥ ಗೋಡೆಗೆ ಪ್ರೆಶರ್ ಹೊಡೆದರೆ ಹೊಡೆದ ದಾರಿಯೆಲ್ಲ ಪಟ್ಟೆ ಪಟ್ಟೆಯಾಗಿ ಉಳಿದುಬಿಡುತ್ತದೆ, ಹುಲಿಯ ಮೈ ನೋಡಿದ ಹಾಗೆ. ಅದನ್ನು ಸರಿಮಾಡಲು ಇಡೀ ಗೋಡೆ ಉಜ್ಜಬೇಕು.

ಅಡಿಕೆ_ತೋಟ
ನಾನು ಶಿರಸಿಯವನು, ಮಗಳು ಅಲ್ಲಿರುವುದರಿಂದ ಇದನ್ನೆಲ್ಲ ಓದುತ್ತಿರುತ್ತೇನೆ. ನೀವು ಹೇಳುವ ಬ್ಲೀಚ್ ಕಥೆ ನಮ್ಮಲ್ಲಿ ಹಳೆಯದು. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಿ, ಕಡ್ಡಿ ಹಿಡಿಯಲ್ಲಿ ತಿಕ್ಕುತ್ತೇವೆ. ಜಾರದೆ ಓಡಾಡಲು ಅಡಿಕೆ ದಬ್ಬೆ ಹಾಕುತ್ತೇವೆ. ಗೋಡೆಗೆ ಇರಚಲು ಹೊಡೆಯದಂತೆ ಸೋಗೆ ತಟ್ಟಿ ಕಟ್ಟುತ್ತಿದ್ದೆವು, ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಗೋಡೆ ಒದ್ದೆಯಾದ ಮೇಲೆ ತಿಕ್ಕುವುದಕ್ಕಿಂತ ಒದ್ದೆಯಾಗದಂತೆ ನೋಡಿಕೊಳ್ಳುವುದು ಸುಲಭ ಅಂತ ಹಿರಿಯರ ಲೆಕ್ಕ.

ನನ್ನ ಪ್ರಶ್ನೆ ಬೇರೆ. ಈಗ ನಮ್ಮ ಕಡೆಯೂ ಕಾರು ತೊಳೆಯುವ ಮೆಷಿನ್ ತಂದು ಮಂಗಳೂರು ಹೆಂಚು ತೊಳೆಯುವವರು ಬಂದಿದ್ದಾರೆ. ಮಾಡಿಸಬಹುದಾ?

ತೀರ್ಥಹಳ್ಳಿ_ಟು_ಟಕೋಮಾ
ಹೆಂಚು ಹಳೆಯದಾದರೆ ಬೇಡ ಅಂತಲೇ ಹೇಳುತ್ತೇನೆ ಮಾವ. ಸುಟ್ಟ ಮಣ್ಣಿನ ಮೇಲಿನ ನಯ ಹೋದರೆ ಹೆಂಚು ನೀರು ಜಾಸ್ತಿ ಕುಡಿಯುತ್ತದೆ, ಮುಂದಿನ ವರ್ಷ ಪಾಚಿಯೂ ಜಾಸ್ತಿ. ನೀರು ಹೆಂಚಿನ ಅಡಿಗೆ ನುಗ್ಗಿ ರೀಪು ನೆನೆಯುತ್ತದೆ. ಪಾಚಿ ಹಿಡಿದ ಹೆಂಚಿನ ಮೇಲೆ ಮನುಷ್ಯ ಹತ್ತಿ ನಿಲ್ಲುವುದೇ ಅಪಾಯ, ಅದರ ಮೇಲೆ ಗನ್ ಹಿಂದಕ್ಕೆ ಒದೆಯುತ್ತದೆ. ಇಳಿಸಿ ನೆಲದ ಮೇಲೆ ಬ್ರಶ್‌ನಲ್ಲಿ ತೊಳೆಯುವುದಾದರೆ ಸರಿ.

ಇಲ್ಲಿನ ಡಾಂಬರ್ ಶಿಂಗಲ್ (ಹೆಂಚಿನ ಬದಲು ಹೊದಿಸುವ ಹಾಳೆ) ಚಾವಣಿಗೂ ಪ್ರೆಶರ್ ಬೇಡ. ಚಾವಣಿ ಮೇಲೆ ಕಪ್ಪು ಗೆರೆ ಇಳಿದಿರುತ್ತದಲ್ಲ, ಅದು ಬೂಷ್ಟಲ್ಲ, ಗ್ಲಿಯೋಕ್ಯಾಪ್ಸಾ ಅನ್ನುವ ಸಯನೋಬ್ಯಾಕ್ಟೀರಿಯಾ. ಪ್ರೆಶರ್ ಹೊಡೆದರೆ ಶಿಂಗಲ್ ಮೇಲಿನ ಹರಳು ಉದುರಿ ಸೂರಿನಂಚಿನ ಗಟರ್ ತುಂಬುತ್ತದೆ. ಹರಳೇ ಅದರ ಬಿಸಿಲುಗೊಡೆ. ಅದು ಹೋದರೆ ಚಾವಣಿಯ ಆಯಸ್ಸೂ ಹೋಯಿತು.

ಕ್ಯಾರಿ_ಕಾಫಿ
ಬೆರಳು ಪರೀಕ್ಷೆ ಮಾಡಿದೆ. ದಕ್ಷಿಣದ ಗೋಡೆಯಲ್ಲಿ ಬೆರಳು ಬೆಳ್ಳಗಾಯಿತು, ಉತ್ತರದಲ್ಲಿ ಏನೂ ಇಲ್ಲ. ಹಾಗಾದರೆ ದಕ್ಷಿಣಕ್ಕೆ ಬರೀ ಹೋಸ್ ನೀರು. ಉತ್ತರಕ್ಕೆ ಬ್ಲೀಚ್ ಹೊಡೆದರೆ ನನ್ನ ಕರಿಬೇವಿನ ಕುಂಡಗಳ ಗತಿ? ಚಳಿಗಾಲ ಪೂರ್ತಿ ಮನೆಯೊಳಗೆ ಸಾಕಿ ಈಗಷ್ಟೇ ಹೊರಗಿಟ್ಟಿದ್ದೇವೆ. ಅದಕ್ಕೇನಾದರೂ ಆದರೆ ಎಚ್‌ಒಎ ಅಲ್ಲ, ಮನೆಯವಳೇ ಪತ್ರ ಬರೆಯುತ್ತಾಳೆ.

ಜರ್ಸಿ_ಅಕ್ಕ
ಕುಂಡ ಎತ್ತಿ ಆಚೆ ಕಡೆಗೆ ಇಟ್ಟುಬಿಡಿ, ಕರಿಬೇವಿನ ವಿಷಯದಲ್ಲಿ ರಿಸ್ಕ್ ಬೇಡ 😀 ನೆಲದಲ್ಲಿರುವ ಗಿಡಗಳಿಗೆ ಮೊದಲು ಚೆನ್ನಾಗಿ ನೀರು ಹಾಕಿ, ನೆಂದ ಎಲೆ ಬೇರು ಬ್ಲೀಚ್ ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಹೊಡೆಯುವಾಗ ನಡುನಡುವೆ ಮತ್ತೆ ನೀರು, ಮುಗಿದ ಮೇಲೂ ನೀರು. ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಬಿಟ್ಟರೆ ಗಿಡ ಬೆಂದೇ ಹೋಗುತ್ತದೆ, ಅದು ಬೇಡ. ತೊಳೆದ ನೀರು ರಸ್ತೆ ಬದಿಯ ಮೋರಿಗೆ ಹೋಗದಂತೆ ನೋಡಿಕೊಳ್ಳಿ, ಆ ನೀರು ಶುದ್ಧವಾಗದೆ ನೇರ ಹಳ್ಳಕ್ಕೆ ಸೇರುತ್ತದೆ.

ಪೇಂಟ್_ಡಬ್ಬಿ
ನಿಮ್ಮ ಫೋಟೋ ದೊಡ್ಡದು ಮಾಡಿ ಮತ್ತೆ ನೋಡಿದೆ. ಎಡಗಡೆ ಲಾನ್ ಸ್ಪ್ರಿಂಕ್ಲರ್ ಇದೆ. ಅದರ ನೀರು ಎಲ್ಲಿಗೆ ಬೀಳುತ್ತದೆ? ಹಸಿರು ಪಟ್ಟೆ ನೆಲದಿಂದ ಮೂರಡಿಗೆ ಸರಿಯಾಗಿ ಕಮಾನಿನ ಆಕಾರದಲ್ಲಿ ನಿಂತಿದೆ. ಮಳೆ ಹಾಗೆ ಬರೆಯುವುದಿಲ್ಲ. ಜೊತೆಗೆ ಆ ಹಾಲಿ (holly) ಗಿಡ ಗೋಡೆಗೆ ಒರಗಿಕೊಂಡೇ ಬೆಳೆದಿದೆ, ಗಾಳಿ ಆಡಲು ಜಾಗವೇ ಇಲ್ಲ. ಮೇಲೆ ಗಟರ್ ಮೂಲೆಯಲ್ಲೂ ನೀರು ಉಕ್ಕಿದ ಗುರುತಿದೆ, ಪೈನ್ ಎಲೆ ಕಟ್ಟಿರಬೇಕು.

ಕ್ಯಾರಿ_ಕಾಫಿ
ಈಗ ಸ್ಪ್ರಿಂಕ್ಲರ್ ಹಾಕಿ ನೋಡಿದೆ. ಪ್ರತಿ ಸುತ್ತಿಗೂ ಗೋಡೆಗೆ ಪಟಪಟ ಅಂತ ಹೊಡೆಯುತ್ತಿದೆ! ಬೆಳಗಿನ ಜಾವ ಟೈಮರ್‌ನಲ್ಲಿ ಓಡುವುದರಿಂದ ಯಾರಿಗೂ ಗೊತ್ತೇ ಆಗಿಲ್ಲ. ಈ ಎಲ್ಲ ಹಸಿರನ್ನೂ ನಾವೇ ದುಡ್ಡು ಕೊಟ್ಟು ಬೆಳೆಸಿದ ಹಾಗಾಯಿತು.

ಅಡಿಕೆ_ತೋಟ
ನೋಡಿದಿರಾ. ತಟ್ಟಿ ಕಟ್ಟಬೇಕಿತ್ತು.

ಗಡಗಡ_ಇಂಜಿನ್
ಸರಿಯಪ್ಪ, ಸೈಡಿಂಗ್ ಬಿಟ್ಟೆ. ಆದರೆ ಕಾಂಕ್ರೀಟ್ ಡ್ರೈವ್‌ವೇಯನ್ನು ಹೋಸ್ ನೀರಲ್ಲಿ ತೊಳೆಯಿರಿ ಅಂದರೆ ನಾನು ಒಪ್ಪುವುದಿಲ್ಲ.

ಪೇಂಟ್_ಡಬ್ಬಿ
ಯಾರೂ ಹಾಗೆ ಅನ್ನುತ್ತಿಲ್ಲ. ಕಾಂಕ್ರೀಟ್‌ಗೆ ನಿಮ್ಮ ಮೆಷಿನ್ನೇ ಬೇಕು. ಹಸಿರು ನಾಝಲ್, ಇಲ್ಲವೇ ತಿರುಗುವ ಸರ್ಫೇಸ್ ಕ್ಲೀನರ್. ಆದರೆ ಎರಡು ಮಾತು. ಗ್ಯಾಸ್ ಇಂಜಿನ್ ಗ್ಯಾರೇಜ್ ಒಳಗೆ ಓಡಿಸಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಇನ್ನೊಂದು, ನೀರಿನ ಎಳೆ ಕೈಗೋ ಕಾಲಿಗೋ ತಾಗಿ ಸಣ್ಣ ಗಾಯವಾದರೂ ಆಸ್ಪತ್ರೆಗೆ ಹೋಗಿ. ಮೇಲೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ನೀರು, ಕೊಳೆ ಆಳಕ್ಕೆ ಇಳಿದಿರುತ್ತದೆ. ಬ್ಯಾಂಡೇಜ್ ಸುತ್ತಿ ಕೂರುವ ಗಾಯ ಅಲ್ಲ. ಏಣಿ ಮೇಲೆ ನಿಂತು ಗನ್ ಹಿಡಿಯುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ.

ಜರ್ಸಿ_ಅಕ್ಕ
ಎರಡನೇ ಮಹಡಿಯವರೆಗೆ ಹಸಿರಿದ್ದರೆ ಆ ಭಾಗಕ್ಕೆ ಮಾತ್ರ ಜನ ಕರೆಸಿ. ಕರೆಸುವಾಗ "ಸಾಫ್ಟ್ ವಾಷ್ (ಕಮ್ಮಿ ಒತ್ತಡದಲ್ಲಿ ಮದ್ದು ಹೊಡೆದು ತೊಳೆಯುವುದು) ಮಾಡುತ್ತೀರಾ, ಯಾವ ಮದ್ದು ಹಾಕುತ್ತೀರಿ, ಗಿಡಗಳಿಗೆ ಏನು ಮಾಡುತ್ತೀರಿ, ಇನ್ಶೂರೆನ್ಸ್ ಪೇಪರ್ ತೋರಿಸಿ" ಅಂತ ಕೇಳಿ. ಮದ್ದಿನ ಹೆಸರು ಹೇಳಲು ತಡವರಿಸಿದರೆ, "ನಮ್ಮ ಮೆಷಿನ್ 4,000 ಪಿಎಸ್‌ಐ" ಅಂತ ಹೆಮ್ಮೆಯಿಂದ ಶುರು ಮಾಡಿದರೆ, ಮುಂದಿನವರಿಗೆ ಫೋನ್ ಮಾಡಿ.

ಕ್ಯಾರಿ_ಕಾಫಿ
ಮೆಷಿನ್ ಬಾಡಿಗೆ ಕ್ಯಾನ್ಸಲ್ ಮಾಡಿದೆ. ಸ್ಪ್ರಿಂಕ್ಲರ್ ತಲೆ ತಿರುಗಿಸಿದೆ. ನಾಳೆ ಹಾಲಿ ಗಿಡ ಕತ್ತರಿಸುತ್ತೇನೆ. ಈ ಶನಿವಾರ ಸೈಡಿಂಗ್, ಮುಂದಿನ ಶನಿವಾರ ಡೆಕ್. ಪೈನ್ ಮರಗಳ ಹಳದಿ ಪರಾಗದ ಪುಡಿ ಇನ್ನೂ ಉದುರುತ್ತಿದೆ, ಅದು ಮುಗಿಯುವವರೆಗೆ ಕಾಯಬೇಕಾ? ಭಾನುವಾರ ಮಳೆ ಅಂತಲೂ ತೋರಿಸುತ್ತಿದೆ.

ಪೇಂಟ್_ಡಬ್ಬಿ
ಎಚ್‌ಒಎ ಗಡುವು ಇಲ್ಲದಿದ್ದರೆ ಪುಡಿ ನಿಂತ ಮೇಲೆ ಮಾಡಿ ಅನ್ನುತ್ತಿದ್ದೆ. ಈಗ ಮಾಡಿದರೂ ನಷ್ಟವಿಲ್ಲ, ಪುಡಿ ಕೂತರೆ ಆಮೇಲೆ ಹೋಸ್ ನೀರಿಗೆ ಹೋಗುತ್ತದೆ. ತೊಳೆದ ಮಾರನೇ ದಿನ ಮಳೆ ಬಂದರೆ ಸೈಡಿಂಗ್‌ಗೆ ಏನೂ ಆಗುವುದಿಲ್ಲ. ಡೆಕ್‌ಗೆ ಸ್ಟೇನ್ (ಮರ ಹೀರಿಕೊಳ್ಳುವ ಬಣ್ಣ) ಹಚ್ಚುವುದಾದರೆ ಮಾತ್ರ ಅವಸರ ಬೇಡ. ತೊಳೆದ ಮೇಲೆ ಕಮ್ಮಿ ಅಂದರೂ ಎರಡು ಮೂರು ದಿನ ಒಳ್ಳೆ ಬಿಸಿಲು ಬೇಕು. ನಾಲ್ಕು ಹನಿ ನೀರು ಹಾಕಿ ನೋಡಿ. ಮರ ಹೀರಿಕೊಂಡರೆ ಹಚ್ಚಿ, ಹನಿ ಹಾಗೇ ಕೂತರೆ ಕಾಯಿರಿ. ಹಚ್ಚುವ ಮುಂಚೆ ಡೆಕ್ ಮನೆಗೆ ಸೇರುವ ಹಲಗೆಯನ್ನು, ಮೆಟ್ಟಿಲ ಬುಡವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದು ಬೂಷ್ಟಲ್ಲ, ಕೊಳೆತ ಮರ. ಆಗ ತೊಳೆಯುವ ಮಾತು ಬಿಟ್ಟು ಬಡಗಿಯನ್ನು ಕರೆಸಿ.

ಕ್ಯಾರಿ_ಕಾಫಿ
ಚುಚ್ಚಿ ನೋಡಿದೆ. ಮನೆ ಕಡೆಯ ಹಲಗೆ ಗಟ್ಟಿ ಇದೆ. ಕೊನೆಯ ಮೆಟ್ಟಿಲು ಮಾತ್ರ ಅರ್ಧ ಇಂಚು ಒಳಗೆ ಹೋಯಿತು. ಅಮ್ಮ ಬರುವಷ್ಟರಲ್ಲಿ ಅದೊಂದನ್ನು ಬದಲಾಯಿಸುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್.